ದೂರದೇಶದ ಬ್ಯಾಂಕಿನಲ್ಲಿ ದುಡಿದ ತಂದೆಯನ್ನು ಕುರಿತು ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರು ಕಳೆದ ವರ್ಷ ಧಾರವಾಡದ ಸಪ್ತಾಪುರದ ಮನೆಯಲ್ಲಿ ತೀರಿಕೊಂಡರು. ಗದಗ ತಾಲ್ಲೂಕಿನ ಹಳ್ಳಿಯಿಂದ ಬಂದ ಅವರು 1970ರಲ್ಲಿ ರಾಷ್ಟ್ರೀಕೃತ ಬ್ಯಾಂಕೊಂದರ ಹುಬ್ಬಳ್ಳಿ ಶಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಮುಂದೆ ಮುಂಬಯಿಯ ವಿದೇಶಿ ವಿನಿಮಯ ವಿಭಾಗ, ಬಹರೈನ್, ಲಂಡನ್‌ಗಳಲ್ಲಿ ಕೆಲಸ ಮಾಡಿ 2006ರಲ್ಲಿ ನಿವೃತ್ತರಾದರು. ಪ್ರಥಮ ಪುಣ್ಯಸ್ಮರಣೆಗೆ ಒಂದು ಸಂಸ್ಮರಣ ಸಂಚಿಕೆ ತಂದು ಗದಗಿನಲ್ಲಿ ಅಚ್ಚು ಹಾಕಿಸಬೇಕೆಂದಿದ್ದೇವೆ. ಅವರ ಹುದ್ದೆ, ಸಾಧನೆಗಳನ್ನು ಬರೆಯೋಣವೆಂದು ಅಣ್ಣ ಹೇಳುತ್ತಾನೆ. ಮನೆಯ ಅಪ್ಪನನ್ನು ಬರೆಯಬೇಕೆಂದು ನನಗಿದೆ. ಅವರ ಕೆಲಸ ಏನಿತ್ತೆಂಬುದು ನಮ್ಮಿಬ್ಬರಿಗೂ ಸರಿಯಾಗಿ ತಿಳಿಯದು. ಟ್ರಂಕಿನಲ್ಲಿ ಟೆಲೆಕ್ಸ್ ಹಾಳೆಗಳು (ತಂತಿಯ ಮೂಲಕ ಬಂದು ಯಂತ್ರದಲ್ಲಿ ಅಚ್ಚಾದ ಸಂದೇಶಗಳು), ಅಪ್ಪ ಬರೆದ ಏರೋಗ್ರಾಮ್‌ಗಳು (ವಿಮಾನ ಅಂಚೆಯ ಪತ್ರಗಳು), ಡೈರಿಗಳು, 1984ರ ಒಂದು ವಿಚಾರಣೆಯ ಪತ್ರ ಇವೆ. ಲಂಡನ್ನಿನಲ್ಲಿದ್ದಾಗಿನ ಡೈರಿಯಲ್ಲಿ 1991ರ ಜುಲೈ 5ರಂದು ‘ಮಗಳ ಫೀ ಕಳಿಸಿದೆ. ಅವ್ವಗ ಪತ್ರ’ ಎಂದಷ್ಟೇ ಇದೆ. ನಡುಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು, ಒಂದು ಲಂಡನ್ ವೇಳೆಯದು. ಎಲ್ಲಿಂದ ಆರಂಭಿಸಬೇಕು? ವಿಚಾರಣೆಯ ಸಂಗತಿಯನ್ನು ಬರೆಯಬಹುದೇ?

ಉತ್ತರ: ನಾನೂ ವಿದೇಶಿ ವಿನಿಮಯ ವಿಭಾಗದಲ್ಲಿಯೇ ನೌಕರಿ ಕಳೆದವನು. ನಿವೃತ್ತಿಯ ನಂತರ ಹುಬ್ಬಳ್ಳಿ-ಧಾರವಾಡದ ಹಲವು ಮನೆಗಳವರು ತಂದ ಇಂಥ ಸಂಚಿಕೆಗಳ ಕರಡುಗಳನ್ನು ತಿದ್ದಿಕೊಟ್ಟಿದ್ದೇನೆ. ಆ ಅನುಭವದ ಮೇಲೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮಣ್ಣ ಬರೆಯಬೇಕೆನ್ನುವ ಅಪ್ಪ ಮತ್ತು ನೀವು ಬರೆಯಬೇಕೆನ್ನುವ ಅಪ್ಪ ಇಬ್ಬರಲ್ಲ. ಕೆಲಸವನ್ನು ಅರ್ಥ ಮಾಡಿಕೊಳ್ಳದೆ ಹುದ್ದೆಗಳ ಪಟ್ಟಿ ಕೊಟ್ಟರೆ ಅದು ಸೇವಾ ದಾಖಲೆಯ ನಕಲಾಗುತ್ತದೆ. ಕೆಲಸವನ್ನು ಬಿಟ್ಟು ಮನೆಯನ್ನಷ್ಟೇ ಬರೆದರೆ, ವರ್ಷಗಟ್ಟಲೆ ಮನೆಯಲ್ಲಿ ಇರದಿದ್ದ ಮನುಷ್ಯನ ಬಗ್ಗೆ ‘ಕುಟುಂಬವತ್ಸಲರು’ ಎಂಬ ಒಂದು ಪದ ಬರೆದು ನಿಲ್ಲಬೇಕಾಗುತ್ತದೆ. ಆದ್ದರಿಂದ ಕೆಲಸದಿಂದಲೇ ಆರಂಭಿಸಿ, ಆದರೆ ಅದನ್ನು ನಿಮ್ಮ ಮನೆಯ ಹುಡುಗರಿಗೆ ತಿಳಿಯುವಂತೆ ಬಿಡಿಸಿ ಹೇಳಿ.

ಅವರು ಗದಗ ತಾಲ್ಲೂಕಿನವರು ಎಂಬುದು ಇಲ್ಲಿ ಬರಿಯ ಜನ್ಮಸ್ಥಳದ ವಿವರವಲ್ಲ. ದೇಶದ ಸಹಕಾರಿ ಚಳವಳಿಯ ಮೊದಲ ಸಂಘಗಳಲ್ಲೊಂದೆಂದು ಹೆಸರಾದ ಕೃಷಿ ಪತ್ತಿನ ಸಂಘ ಅದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆರಂಭವಾಯಿತು. ಆ ಬಗೆಯ ಸಂಘದಲ್ಲಿ ಸಾಲ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಒಬ್ಬರ ಹೊಲ ಒಬ್ಬರಿಗೆ ಗೊತ್ತಿರುತ್ತದೆ, ಯಾರ ಮಾತು ನಿಲ್ಲುತ್ತದೆ, ಯಾರದು ನಿಲ್ಲುವುದಿಲ್ಲ ಎಂಬುದು ಇಡೀ ಊರಿಗೆ ತಿಳಿದಿರುತ್ತದೆ. ನಿಮ್ಮ ತಂದೆಯವರು ಬೆಳೆದದ್ದು ಅಂಥ ಸೀಮೆಯಲ್ಲಿ. ಜೀವಮಾನವಿಡೀ ಮಾಡಿದ ಕೆಲಸ ಮಾತ್ರ ಅದಕ್ಕೆ ತೀರ ಬೇರೆ. ಒಬ್ಬರನ್ನೊಬ್ಬರು ಎಂದೂ ನೋಡದ, ನೋಡುವ ಸಂಭವವೂ ಇಲ್ಲದ ಇಬ್ಬರ ನಡುವೆ ಕಾಗದದ ಮೂಲಕ ನಂಬಿಕೆ ಹುಟ್ಟಿಸುವುದು ಅವರ ಕೆಲಸವಾಗಿತ್ತು. ಅಂತರರಾಷ್ಟ್ರೀಯ ಬ್ಯಾಂಕಿಂಗ್ ಎಂದರೆ ದೊಡ್ಡ ಕಟ್ಟಡ, ಕೋಟು, ಟೈ ಎಂದುಕೊಂಡಿರುವ ಮೊಮ್ಮಕ್ಕಳಿಗೆ ಈ ಒಂದು ಮಾತು ತಿಳಿದರೆ ಸಂಚಿಕೆಯ ಉಳಿದ ಪುಟಗಳು ತಾವಾಗಿ ತಿಳಿಯುತ್ತವೆ.

ಉದಾಹರಣೆಯನ್ನು ನಮ್ಮ ನೆಲದಿಂದಲೇ ತೆಗೆದುಕೊಳ್ಳಿ. ಬ್ಯಾಡಗಿಯ ವ್ಯಾಪಾರಿಯೊಬ್ಬರು ಹ್ಯಾಂಬರ್ಗಿನ ಖರೀದಿದಾರನಿಗೆ ಒಣಮೆಣಸಿನಕಾಯಿ ಕಳಿಸಬೇಕಾಗಿದೆ ಎಂದುಕೊಳ್ಳೋಣ. ಖಾರ ಕಡಿಮೆ, ಬಣ್ಣ ಗಾಢ ಎಂಬ ಕಾರಣಕ್ಕೆ ಬ್ಯಾಡಗಿ ಕಾಯಿಗೆ ಹೊರಗೆ ಬೇಡಿಕೆಯಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹಣ ಬರುವ ಮೊದಲು ಮಾಲು ಹಡಗಿಗೆ ಹಾಕಲು ವ್ಯಾಪಾರಿಗೆ ಧೈರ್ಯವಿಲ್ಲ, ಮಾಲು ಕಾಣುವ ಮೊದಲು ಹಣ ಕೊಡಲು ಖರೀದಿದಾರನಿಗೆ ಮನಸ್ಸಿಲ್ಲ. ಆಗ ಖರೀದಿದಾರನ ಬ್ಯಾಂಕು ಒಂದು ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್, ತೆರೆಯುತ್ತದೆ: ಇಂಥ ತಾರೀಕಿನೊಳಗೆ ಮಾಲು ಹಡಗಿಗೇರಿದ್ದಕ್ಕೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್, ಜೊತೆಗೆ ಇನ್‌ವಾಯ್ಸ್, ವಿಮೆಯ ಪಾಲಿಸಿ, ಮೂಲದ ಪ್ರಮಾಣಪತ್ರ ಇವೆಲ್ಲವನ್ನೂ ಕೇಳಿದಂತೆಯೇ ಒಪ್ಪಿಸಿದರೆ ಹಣ ಕೊಡುವ ಹೊಣೆ ನಮ್ಮದು ಎಂದು ಅದು ಬರೆದುಕೊಡುತ್ತದೆ. ಇದರ ನಿಯಮಗಳನ್ನು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಮೊದಲು 1933ರಲ್ಲಿ ಪ್ರಕಟಿಸಿತು. ಈಗ ಬಳಕೆಯಲ್ಲಿರುವ ಪಾಠ 2007ರ ಜುಲೈಯಿಂದ ಜಾರಿಯಲ್ಲಿದೆ. ಆ ನಿಯಮಗಳ ತಿರುಳು ಒಂದೇ ವಾಕ್ಯದಲ್ಲಿದೆ: ಬ್ಯಾಂಕು ವ್ಯವಹರಿಸುವುದು ಕಾಗದಪತ್ರಗಳೊಡನೆ, ಮಾಲಿನೊಡನೆ ಅಲ್ಲ. ಚೀಲದಲ್ಲಿ ಮೆಣಸಿನಕಾಯಿ ಇದೆಯೋ ಹೊಟ್ಟು ಇದೆಯೋ ಎಂದು ಬ್ಯಾಂಕಿನ ಅಧಿಕಾರಿ ನೋಡುವುದಿಲ್ಲ. ಅವನು ನೋಡುವುದು ಹೆಸರಿನ ಅಕ್ಷರಗಳನ್ನು, ತಾರೀಕನ್ನು, ತೂಕವನ್ನು, ಬಂದರಿನ ಹೆಸರನ್ನು, ಸಹಿಯನ್ನು. ಒಂದು ಕಡೆ ‘130 ಚೀಲ’ ಎಂದೂ ಇನ್ನೊಂದು ಕಡೆ ‘103 ಚೀಲ’ ಎಂದೂ ಇದ್ದರೆ ಹಣ ನಿಲ್ಲುತ್ತದೆ. ನಿಮ್ಮ ತಂದೆಯವರು ಮಕ್ಕಳ ಅಂಕಪಟ್ಟಿಯಲ್ಲಿ ಹೆಸರಿನ ಕಾಗುಣಿತ ತಪ್ಪಿದ್ದರೆ ಸಿಟ್ಟಾಗುತ್ತಿದ್ದರೇ, ರೈಲ್ವೆ ಟಿಕೇಟನ್ನು ಎರಡು ಸಲ ಓದಿ ಕಿಸೆಗೆ ಇಡುತ್ತಿದ್ದರೇ ಎಂದು ಅಣ್ಣತಂಗಿಯರು ಕುಳಿತು ನೆನಪಿಸಿಕೊಳ್ಳಿ. ನಮ್ಮ ವಿಭಾಗದಲ್ಲಿ ದುಡಿದವರ ಪೈಕಿ ಈ ಸ್ವಭಾವ ಮನೆಗೆ ಬರದವರನ್ನು ನಾನು ಕಂಡಿಲ್ಲ.

ಟ್ರಂಕಿನಲ್ಲಿರುವ ಟೆಲೆಕ್ಸ್ ಹಾಳೆಗಳನ್ನು ನೋಡಿ. ಸಂದೇಶದ ಮೊದಲಿಗೆ ‘ಟೆಸ್ಟ್’ ಎಂದು ಬರೆದು ಮುಂದೆ ಒಂದು ಸಂಖ್ಯೆ ಇರುತ್ತದೆ. ದೂರದ ಊರಿನಿಂದ ‘ಇಷ್ಟು ಹಣ ಕೊಡಿ’ ಎಂದು ಬಂದ ತಂತಿಯ ಮಾತನ್ನು ಬೇರೆ ಯಾರಾದರೂ ಕಳಿಸಿರಬಹುದಲ್ಲವೇ? ಅದಕ್ಕಾಗಿ ಎರಡು ಬ್ಯಾಂಕುಗಳು ಗುಪ್ತವಾದ ಕೋಷ್ಟಕಗಳನ್ನು ಮೊದಲೇ ವಿನಿಮಯ ಮಾಡಿಕೊಂಡಿರುತ್ತಿದ್ದವು. ತಿಂಗಳಿಗೊಂದು ಅಂಕಿ, ತಾರೀಕಿಗೊಂದು, ಹಣದ ಜಾತಿಗೊಂದು, ಮೊತ್ತಕ್ಕೊಂದು. ಎಲ್ಲವನ್ನೂ ಕೂಡಿಸಿದರೆ ಬರುವುದೇ ಆ ಸಂಖ್ಯೆ. ಕಳಿಸಿದವನು ಕೂಡಿಸಿದ್ದೂ ಇತ್ತ ಪಡೆದವನು ಕೂಡಿಸಿದ್ದೂ ತಾಳೆಯಾದರೆ ಮಾತ್ರ ಹಣ ಹೊರಡುತ್ತಿತ್ತು. ಪೆನ್ಸಿಲ್ ಹಿಡಿದು, ಹಾಳೆಯ ಅಂಚಿನಲ್ಲಿ, ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕೂಡಿಸಿದ ಗುರುತು ನಿಮ್ಮ ಹಾಳೆಗಳಲ್ಲಿ ಸಿಕ್ಕರೆ ಅದು ಬಹುಶಃ ಅವರ ಕೈಬರಹವೇ. ಬ್ಯಾಂಕುಗಳೇ ಸೇರಿ 1973ರಲ್ಲಿ ಬೆಲ್ಜಿಯಮ್ಮಿನಲ್ಲಿ ಕಟ್ಟಿಕೊಂಡ ಸ್ವಿಫ್ಟ್ ಸಂಸ್ಥೆಯ ಸಂದೇಶ ಜಾಲ 1977ರಲ್ಲಿ ಕೆಲಸ ಆರಂಭಿಸಿತಾದರೂ ನಮ್ಮ ದೇಶದ ಬ್ಯಾಂಕುಗಳಿಗೆ ಅದು ಬಂದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಈ ಕೂಡಿಸುವ ಕೆಲಸ ಮನುಷ್ಯರದೇ ಆಗಿತ್ತು.

ಬಹರೈನಿನ ವರ್ಷಗಳ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಕೊಲ್ಲಿಯ ಹಣ ರವಾನೆಯ ಕಚೇರಿಗಳಿಗೆ ನಮ್ಮ ಬ್ಯಾಂಕುಗಳ ಅಧಿಕಾರಿಗಳನ್ನು ನಿಯೋಜಿಸುತ್ತಿದ್ದ ಕಾಲ ಅದು. ಅವರು ಅಂಥ ಕಚೇರಿಯಲ್ಲಿದ್ದರೋ ಬ್ಯಾಂಕಿನ ಶಾಖೆಯಲ್ಲಿದ್ದರೋ ಎಂಬುದನ್ನು ನೇಮಕದ ಆದೇಶ ನೋಡಿ ತಿಳಿದುಕೊಂಡು, ಜೊತೆಯಲ್ಲಿದ್ದ ಒಬ್ಬರನ್ನಾದರೂ ಹುಡುಕಿ ಮಾತನಾಡಿಸಿ. ಪಿಂಚಣಿದಾರರ ಸಂಘದವರಲ್ಲಿ ವಿಚಾರಿಸಿದರೆ ಇಂಥವರು ಸಿಗುತ್ತಾರೆ.

ಇನ್ನು 1991ರ ಜುಲೈ 5ರ ಡೈರಿಯ ಮಾತು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಡೀ ಸಂಚಿಕೆಯಲ್ಲಿ ಇದಕ್ಕಿಂತ ಮಹತ್ವದ ಪುಟ ನಿಮಗೆ ಸಿಗಲಾರದು.

ಆ ದಿನ ಶುಕ್ರವಾರ. ಇರಾಕ್ 1990ರ ಆಗಸ್ಟಿನಲ್ಲಿ ಕುವೈತನ್ನು ಆಕ್ರಮಿಸಿದ ಮೇಲೆ ಎಣ್ಣೆಯ ಬೆಲೆ ಏರಿ, ಕೊಲ್ಲಿಯಿಂದ ಬರುತ್ತಿದ್ದ ಹಣಕ್ಕೆ ಪೆಟ್ಟು ಬಿದ್ದು, ನಮ್ಮ ದೇಶದ ವಿದೇಶಿ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಿತ್ತು. ಸರ್ಕಾರದ ಬಳಿಯಿದ್ದ 20 ಟನ್ ಚಿನ್ನವನ್ನು ಮರಳಿ ಕೊಳ್ಳುವ ಹಕ್ಕಿಟ್ಟುಕೊಂಡು ಮೇ ತಿಂಗಳಿನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರಲಾಗಿತ್ತು. ಜುಲೈ 1ರಂದು ಮತ್ತು 3ರಂದು, ಎರಡು ಹಂತಗಳಲ್ಲಿ, ರೂಪಾಯಿಯ ಬೆಲೆ ಇಳಿಸಲಾಯಿತು. ಅದೇ ತಿಂಗಳು ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಲಂಡನ್ನಿಗೆ ಹೋಯಿತು. ಅದರ ಆಧಾರದ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸುಮಾರು 40 ಕೋಟಿ ಡಾಲರ್ ಸಾಲ ದೊರೆಯಿತು. ಇದೆಲ್ಲ ನಡೆಯುತ್ತಿರುವಾಗಲೇ, ಜುಲೈ 5ರಂದು, ಬಿ.ಸಿ.ಸಿ.ಐ. ಎಂದು ಕರೆಯುತ್ತಿದ್ದ ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ ಎಂಬ ಬ್ಯಾಂಕನ್ನು ಬ್ರಿಟನ್ ಮತ್ತು ಇತರ ಹಲವು ದೇಶಗಳ ನಿಯಂತ್ರಕರು ಒಟ್ಟಿಗೆ ಮುಚ್ಚಿಸಿದರು. ಬ್ರಿಟನ್ನಿನಲ್ಲಿದ್ದ ಏಷ್ಯಾ ಮೂಲದ ಅನೇಕ ಸಣ್ಣ ವ್ಯಾಪಾರಸ್ಥರ ಠೇವಣಿ ಅಲ್ಲಿತ್ತು.

ಆ ವಾರ ಲಂಡನ್ನಿನಲ್ಲಿದ್ದ ಭಾರತೀಯ ಬ್ಯಾಂಕಿನ ಅಧಿಕಾರಿಯ ಮೇಜಿನ ಮೇಲೆ ಏನಿರುತ್ತಿತ್ತು ಎಂಬುದನ್ನು ನಾನು ಹೇಳಬಲ್ಲೆ. ಪರದೇಶದ ಬ್ಯಾಂಕುಗಳು ಅಲ್ಪಾವಧಿಯ ಸಾಲಗಳನ್ನು ನವೀಕರಿಸಲು ಹಿಂದೆಮುಂದೆ ನೋಡುತ್ತಿದ್ದವು. ನಮ್ಮ ಬ್ಯಾಂಕುಗಳು ತೆರೆದ ಎಲ್‌ಸಿಗೆ ತಮ್ಮ ಖಾತರಿ ಸೇರಿಸಲು ಒಪ್ಪುತ್ತಿರಲಿಲ್ಲ. ಅನಿವಾಸಿ ಭಾರತೀಯರು ಠೇವಣಿಗಳನ್ನು ಹಿಂದಕ್ಕೆ ತೆಗೆಯುತ್ತಿದ್ದರು, ತೆಗೆಯದವರು ‘ನಮ್ಮ ಹಣ ಸುರಕ್ಷಿತವೇ?’ ಎಂದು ಕೇಳುತ್ತಿದ್ದರು. ದಿನವಿಡೀ ಆ ಪ್ರಶ್ನೆಗೆ ಉತ್ತರಿಸಿದ ಮನುಷ್ಯ ರಾತ್ರಿ ಡೈರಿ ತೆರೆದು ಬರೆದದ್ದು ಮಗಳ ಫೀ ಮತ್ತು ಅವ್ವನಿಗೆ ಹಾಕಿದ ಪತ್ರದ ಮಾತು. ಅವರಿಗೆ ಹೊರಗಿನ ಸಂಗತಿಗಳ ಬಗ್ಗೆ ಆಸಕ್ತಿಯಿರಲಿಲ್ಲವೆಂದು ಇದರ ಅರ್ಥವಲ್ಲ. ಕಚೇರಿಯ ವಿಷಯವನ್ನು ಕಚೇರಿಯ ಹೊರಗೆ ಬರೆಯುವುದೂ ಆಡುವುದೂ ನಮ್ಮ ವೃತ್ತಿಯಲ್ಲಿ ಸಲ್ಲದು. ಬರೆಯಲು ಅವರಿಗೆ ಹಕ್ಕಿದ್ದದ್ದು ಮನೆಯ ವಿಷಯವನ್ನು ಮಾತ್ರ, ಅದನ್ನು ಅವರು ಬರೆದರು.

ಈ ಪುಟವನ್ನು ಹೇಗೆ ಅಚ್ಚು ಹಾಕಬೇಕೆಂದರೆ, ಡೈರಿಯ ಹಾಳೆಯ ಚಿತ್ರವನ್ನು ಅದರ ನಿಜವಾದ ಅಳತೆಯಲ್ಲಿಯೇ ಹಾಕಿ, ಕೆಳಗೆ ಆ ವಾರದ ಸಂಗತಿಗಳನ್ನು ನಾಲ್ಕೈದು ವಾಕ್ಯಗಳಲ್ಲಿ ಕೊಡಿ. ಅದಕ್ಕಿಂತ ಹೆಚ್ಚು ಏನನ್ನೂ ಹೇಳಬೇಡಿ. ‘ದೇಶದ ಚಿನ್ನದ ವ್ಯವಹಾರದಲ್ಲಿ ಪಾತ್ರ ವಹಿಸಿದರು’ ಎಂದು ಬರೆಯುವ ಆಸೆ ಅಣ್ಣನವರಿಗೆ ಆಗಬಹುದು; ದಾಖಲೆ ಇಲ್ಲದೆ ಹಾಗೆ ಬರೆಯಬಾರದು. ಆ ವ್ಯವಹಾರ ಕೆಲವೇ ಜನರ ನಡುವೆ ನಡೆದದ್ದು. ಸಂಸ್ಮರಣ ಸಂಚಿಕೆಗಳಲ್ಲಿ ನಾನು ಕೆಂಪು ಶಾಯಿಯಿಂದ ಹೊಡೆದುಹಾಕುವ ವಾಕ್ಯಗಳಲ್ಲಿ ಹೆಚ್ಚಿನವು ಇಂಥವೇ, ಮತ್ತು ಅವುಗಳಿಂದ ನಿಜವಾದ ದುಡಿಮೆಯ ಬೆಲೆಯೂ ಕಡಿಮೆಯಾಗುತ್ತದೆ. ಬದಲಾಗಿ ಒಂದು ಕೆಲಸ ಮಾಡಿ. ನಿಮ್ಮ ತಾಯಿಯವರ ಹಳೆಯ ಪಾಸ್‌ಬುಕ್ ಉಳಿದಿದ್ದರೆ 1991ರ ಜೂನ್ ಮತ್ತು ಜುಲೈ ತಿಂಗಳುಗಳ ಜಮೆಯನ್ನು ಹೋಲಿಸಿ ನೋಡಿ. ಅವರು ಪ್ರತಿ ತಿಂಗಳೂ ಅಷ್ಟೇ ಪೌಂಡ್ ಕಳಿಸುತ್ತಿದ್ದರೆ ಜುಲೈಯಲ್ಲಿ ರೂಪಾಯಿ ಹೆಚ್ಚು ಬಂದಿರಬೇಕು. ದೇಶದ ಕಷ್ಟ ನಿಮ್ಮ ಮನೆಯ ಪಾಸ್‌ಬುಕ್ಕಿನಲ್ಲಿ ಜಾಸ್ತಿ ಅಂಕಿಯಾಗಿ ಕಂಡ ಆ ಎರಡು ಸಾಲು, ಚಿನ್ನದ ಕಥೆಗಿಂತ ನಿಮ್ಮ ಓದುಗರಿಗೆ ಹೆಚ್ಚು ಮುಟ್ಟುತ್ತದೆ.

ವಿಚಾರಣೆಯ ಪತ್ರವನ್ನು ಕುರಿತು ಕೇಳಿದ್ದೀರಿ. ನೀವು ಕಳಿಸಿದ ಪ್ರತಿಯನ್ನು ಓದಿದೆ. ಎಲ್‌ಸಿಯ ಪ್ರಕಾರ ಮಾಲು ಹಡಗಿಗೇರಬೇಕಾಗಿದ್ದ ಕೊನೆಯ ತಾರೀಕಿಗಿಂತ ಬಿಲ್ ಆಫ್ ಲೇಡಿಂಗಿನ ತಾರೀಕು ಎರಡು ದಿನ ತಡವಾಗಿತ್ತು. ಅದು ಕಣ್ಣಿಗೆ ಬೀಳದೆ ಹಣ ಕೊಡಲಾಯಿತು. ಆಚೆಯ ಬ್ಯಾಂಕು ಹಣ ಮರಳಿಸಲು ಒಪ್ಪಲಿಲ್ಲ. ಕಾಗದ ಪರಿಶೀಲಿಸಿದ ನಿಮ್ಮ ತಂದೆಯವರ ಒಂದು ಇನ್‌ಕ್ರಿಮೆಂಟ್ ತಡೆಹಿಡಿಯಲಾಯಿತು. ನನ್ನ ಅಭಿಪ್ರಾಯದಲ್ಲಿ ಇದನ್ನು ಬರೆಯಬೇಕು, ಮರೆಮಾಚಬಾರದು. ದಿನಕ್ಕೆ ಹತ್ತಾರು ಕಟ್ಟು ಕಾಗದ ನೋಡುವವರಿಗೆ ಇಂಥ ತಪ್ಪು ಒಮ್ಮೆಯಾದರೂ ಆಗುತ್ತದೆ, ನನಗೂ ಆಗಿದೆ. ಆ ರಾತ್ರಿ ಮನೆಗೆ ಹೋಗಿ ಉಂಡ ಅನ್ನದ ರುಚಿ ನನಗೆ ಇಂದಿಗೂ ನೆನಪಿದೆ. ಅವರು ಆ ಪತ್ರವನ್ನು ಹರಿದು ಹಾಕದೆ, ಬಡ್ತಿಯ ಆದೇಶಗಳ ಜೊತೆಗೇ, ಅದೇ ಫೈಲಿನಲ್ಲಿ, ತಾರೀಕಿನ ಕ್ರಮದಲ್ಲಿ ಇಟ್ಟಿದ್ದರು ಎಂದು ಬರೆದಿದ್ದೀರಿ. ಹಾಗಿದ್ದರೆ ಅದನ್ನು ಮುಚ್ಚಿಡುವ ಅಧಿಕಾರ ನಮಗೆಲ್ಲಿದೆ? ಸಾಮಾನ್ಯವಾಗಿ ಹಿರಿಯರ ಲೋಪವನ್ನು ಪುಣ್ಯಸ್ಮರಣೆಯ ದಿನ ಆಡಬಾರದೆನ್ನುತ್ತಾರೆ. ಆದರೆ ಎರಡು ದಿನದ ಒಂದು ವ್ಯತ್ಯಾಸ ತಪ್ಪಿಹೋದದ್ದನ್ನು ಓದಿದಾಗಲೇ, ಉಳಿದ ಮೂವತ್ತೈದು ವರ್ಷ ಅದು ತಪ್ಪದಂತೆ ನೋಡಿಕೊಂಡದ್ದರ ಭಾರ ಓದುಗರಿಗೆ ತಿಳಿಯುತ್ತದೆ. ಬ್ಯಾಂಕಿನ ಹೆಸರನ್ನೂ ವಿಚಾರಣೆ ಮಾಡಿದವರ ಹೆಸರನ್ನೂ ಬಿಟ್ಟುಬಿಡಿ. ನಿಮ್ಮ ತಾಯಿಯವರು ಮಾತ್ರ ಬೇಡವೆಂದರೆ ಅವರ ಮಾತೇ ಕೊನೆಯದು.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆಯಿದೆ. ರಾಷ್ಟ್ರೀಕೃತ ಬ್ಯಾಂಕಿನ ನೌಕರರು ಗ್ರಾಹಕರ ವ್ಯವಹಾರದ ಗುಟ್ಟನ್ನು ಕಾಪಾಡುವೆವೆಂದು ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿರುತ್ತಾರೆ; 1970ರ ಬ್ಯಾಂಕ್ ರಾಷ್ಟ್ರೀಕರಣದ ಕಾಯಿದೆಯಲ್ಲಿಯೇ ಆ ಹೊಣೆಯಿದೆ. ಎಷ್ಟು ಹಳೆಯದಾದರೂ ಟೆಲೆಕ್ಸ್ ಹಾಳೆಯಲ್ಲಿರುವ ಗ್ರಾಹಕರ ಹೆಸರು, ಖಾತೆಯ ಸಂಖ್ಯೆ, ಸಹಿಯ ಮಾದರಿ ಇವುಗಳನ್ನು ಮುಚ್ಚಿಯೇ ಅಚ್ಚು ಹಾಕಿ. ಅವರು ಕಾಯ್ದುಕೊಂಡು ಬಂದದ್ದನ್ನು ಅವರ ನೆನಪಿನ ಸಂಚಿಕೆಯೇ ಒಡೆಯಬಾರದು. ಫ್ಯಾಕ್ಸ್ ಹಾಳೆಗಳೇನಾದರೂ ಇದ್ದರೆ ಮೊದಲು ಅವುಗಳ ಝೆರಾಕ್ಸ್ ತೆಗೆಸಿ, ಆ ಮಿರುಗುವ ಕಾಗದದ ಮೇಲಿನ ಅಕ್ಷರ ತಾನಾಗಿ ಮಾಸುತ್ತದೆ. ತಾರೀಕುಗಳ ಬಗ್ಗೆ ಸಂಶಯ ಬಂದಾಗ ನೆನಪನ್ನು ನಂಬದೆ ಪಾಸ್‌ಪೋರ್ಟಿನ ಮುದ್ರೆಗಳನ್ನೂ ಏರೋಗ್ರಾಮಿನ ಅಂಚೆ ಮುದ್ರೆಯನ್ನೂ ನೋಡಿ.

ಈಗ ನಿಮ್ಮ ಭಾಗಕ್ಕೆ ಬರುತ್ತೇನೆ. ‘ಅಪ್ಪ ನಮ್ಮೊಂದಿಗೆ ಇದ್ದದ್ದು ಕಡಿಮೆ, ಹಾಗಾಗಿ ಏನು ಬರೆಯಲಿ?’ ಎಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಅವರು ಇರಲಿಲ್ಲ ಎಂಬುದನ್ನೇ ಬರೆಯಿರಿ. ಯಾವ ಮಗುವಿನ ಶಾಲೆಯ ಮೊದಲ ದಿನಕ್ಕೆ ಅವರು ಬರಲಿಲ್ಲ, ಯಾವ ದೀಪಾವಳಿಗೆ ಬರುತ್ತೇನೆಂದು ರಜೆ ಸಿಗದೆ ಉಳಿದರು, ಅಜ್ಜಿಯ ಕೊನೆಯ ಕಾಲಕ್ಕೆ ಅವರು ಎಲ್ಲಿದ್ದರು, ಇವನ್ನು ದೂರಿನ ದನಿಯಿಲ್ಲದೆ, ತಾರೀಕು ಹಾಕಿ ಬರೆಯಿರಿ. ಅವರ ಏರೋಗ್ರಾಮ್‌ಗಳಿಂದ ಉಪದೇಶಗಳನ್ನು ಆರಿಸಬೇಡಿ. ಎಲ್ಲ ಅಪ್ಪಂದಿರೂ ಓದಿಕೊಳ್ಳಿರೆಂದೇ ಬರೆದಿರುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನು ಮಾತ್ರ ಆರಿಸಿ ಒಂದು ಪುಟದಲ್ಲಿ ಸಾಲಾಗಿ ಕೊಡಿ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಗೆ ನಾನು ಹೀಗೆ ಮಾಡಿಸಿದ್ದೆ. ಪರದೇಶದಲ್ಲಿದ್ದ ಆ ಹಿರಿಯರು ಮೂರು ಪತ್ರಗಳಲ್ಲಿ ಒಂದೇ ಪ್ರಶ್ನೆ ಕೇಳಿದ್ದರು: ‘ಹಿತ್ತಲದಾಗಿನ ಪ್ಯಾರಲ ಗಿಡಕ್ಕ ನೀರ ಹಾಕಾಕತ್ತೀರಿಲ್ಲೋ?’ ನಾಲ್ಕನೆಯ ಪತ್ರದಲ್ಲಿ ಆ ಪ್ರಶ್ನೆ ಇರಲಿಲ್ಲ. ಗಿಡ ಒಣಗಿದ್ದನ್ನು ಯಾರೋ ಅವರಿಗೆ ತಿಳಿಸಿದ್ದರು. ಆ ಪುಟವನ್ನು ಓದಿದ ಅವರ ಮಗ ಬಹಳ ಹೊತ್ತು ಮಾತಾಡಲಿಲ್ಲ.

ಹೋಗಿಬರುವ ಸಾಮಾನಿನ ಬಗ್ಗೆಯೂ ಬರೆಯಿರಿ. ರಜೆ ಮುಗಿಸಿ ಹೊರಟಾಗ ನಿಮ್ಮ ಮನೆಯಿಂದ ಏನು ಕಟ್ಟಿಕೊಡುತ್ತಿದ್ದರು? ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಲೈನ್ ಬಜಾರಿನ ಫೇಡೆ ಇವೆಲ್ಲ ಎಲ್ಲರ ಮನೆಯಿಂದಲೂ ಹೋದವೇ. ಆದರೆ ರೊಟ್ಟಿ ಮುರಿಯದಂತೆ ನಿಮ್ಮ ಮನೆಯಲ್ಲಿ ಹೇಗೆ ಕಟ್ಟುತ್ತಿದ್ದರು, ಡಬ್ಬಿಯ ಮುಚ್ಚಳಕ್ಕೆ ಏನು ಸುತ್ತುತ್ತಿದ್ದರು, ಎಷ್ಟು ದಿನಕ್ಕೆ ಸಾಲುವಂತೆ ಎಣಿಸಿಡುತ್ತಿದ್ದರು ಎಂಬುದು ನಿಮ್ಮ ಮನೆಗಷ್ಟೇ ಸೇರಿದ್ದು.

ಕೊನೆಯದಾಗಿ ಗಡಿಯಾರ. ಲಂಡನ್ನಿನ ವೇಳೆ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಮಾರ್ಚ್ ಕೊನೆಗೆ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರಿನಲ್ಲಿ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಎಂದರೆ ಧಾರವಾಡದ ನಿಮ್ಮ ನಡುಮನೆಯ ಆ ಎರಡನೆಯ ಗಡಿಯಾರ ಸರಿಯಾದ ವೇಳೆ ತೋರಿಸಬೇಕಾದರೆ ವರ್ಷಕ್ಕೆ ಎರಡು ಸಲ ಯಾರೋ ಸ್ಟೂಲಿನ ಮೇಲೆ ನಿಂತು ಅದರ ಮುಳ್ಳನ್ನು ತಿರುಗಿಸಿರಬೇಕು. ಅವರು ಲಂಡನ್ನಿನಲ್ಲಿದ್ದರು, ನೀವು ಚಿಕ್ಕವರಿದ್ದಿರಿ. ಬಹುಮಟ್ಟಿಗೆ ಅದು ನಿಮ್ಮ ತಾಯಿಯವರೇ ಇರಬೇಕು. ಆ ಬದಲಾವಣೆಯ ದಿನ ಅವರಿಗೆ ಹೇಗೆ ತಿಳಿಯುತ್ತಿತ್ತು, ತಂದೆಯವರು ಪತ್ರದಲ್ಲಿ ಮುಂಚೆಯೇ ಬರೆಯುತ್ತಿದ್ದರೇ, ಫೋನಿನಲ್ಲಿ ಹೇಳುತ್ತಿದ್ದರೇ, ಆ ಗಡಿಯಾರ ನೋಡಿ ತಾಯಿಯವರು ದಿನದ ಯಾವ ಹೊತ್ತಿಗೆ ಏನೆಂದುಕೊಳ್ಳುತ್ತಿದ್ದರು ಎಂಬುದನ್ನು ಈ ವಾರವೇ, ಬೆಳಗಿನ ಚಹಾದ ಹೊತ್ತಿಗೆ, ಅಣ್ಣತಂಗಿ ಇಬ್ಬರೂ ಕುಳಿತು ಕೇಳಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ನಡುವೆ ತಡೆಯಬೇಡಿ. ಅವರು ಹೇಳಿದ್ದನ್ನು ಅವರು ಹೇಳಿದ ಧಾರವಾಡದ ಮಾತಿನಲ್ಲಿಯೇ ಬರೆದುಕೊಂಡು, ಗ್ರಾಂಥಿಕಕ್ಕೆ ತಿದ್ದದೆ, ಅವರ ಹೆಸರಿನಲ್ಲಿ ಸಂಚಿಕೆಯ ಮೊದಲ ಲೇಖನವಾಗಿ ಹಾಕಿ. ಕರಡಚ್ಚು ಬಂದಾಗ ಆ ಪುಟಗಳನ್ನು ಅವರಿಗೇ ಓದಿಹೇಳಿ, ಅವರು ಒಪ್ಪಿದ ಮೇಲೆಯೇ ಗದಗಿಗೆ ಮರಳಿ ಕಳಿಸಿ.